ಕಾಲರಾ, ಪ್ಲೇಗುಗಳಿಗೆ ಲಸಿಕೆ ಕಂಡ ಹಾಫ್‌ಕಿನ್

ಮುಂಬಯಿಯ ಪರೇಲಿನಲ್ಲಿ, ಹಿಂದೊಮ್ಮೆ ಗವರ್ನರರ ನಿವಾಸವಾಗಿದ್ದ ಹಳೆಯ ಕಟ್ಟಡವೊಂದರಲ್ಲಿ, ಹಾಫ್‌ಕಿನ್ ಸಂಸ್ಥೆ ಇದೆ. ಹಾವಿನ ವಿಷಕ್ಕೆ ಮದ್ದು ಎಂದಾಗಲೆಲ್ಲ ಆ ಸಂಸ್ಥೆಯ ಹೆಸರು ಕೇಳಿ ಬರುತ್ತಿತ್ತು. ಆದರೆ ಹಾಫ್‌ಕಿನ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಆ ವ್ಯಕ್ತಿ ಇಂಗ್ಲಿಷರವನಲ್ಲ, ವೈದ್ಯಕೀಯ ಪದವೀಧರನೂ ಅಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು. ಕಾಲರಾ ಮತ್ತು ಪ್ಲೇಗು ಎಂಬ ಎರಡು ಮಹಾಮಾರಿಗಳಿಗೆ ಲಸಿಕೆ ಸಿದ್ಧಪಡಿಸಿ, ಎರಡನ್ನೂ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು, ಜೀವಮಾನದ ಹಲವು ವರ್ಷಗಳನ್ನು ಈ ದೇಶದಲ್ಲಿ ಕಳೆದ ಈ ವಿಜ್ಞಾನಿಯ ಬಾಳು ಕೀರ್ತಿ ಮತ್ತು ಅಪಕೀರ್ತಿ ಎರಡನ್ನೂ ಕಂಡಿತು.

ಒಡೆಸ್ಸಾದಿಂದ ಪ್ಯಾರಿಸಿಗೆ

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ತೀರದ ಒಡೆಸ್ಸಾ ಪಟ್ಟಣದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಆಗ ಆ ಪ್ರದೇಶ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ಮುಂದೆ ಕಂಡುಹಿಡಿದ ಮೆಚ್ನಿಕಾಫ್ ಅವರ ಗುರು.

ವಿದ್ಯಾರ್ಥಿ ದೆಸೆಯಲ್ಲೇ ಹಾಫ್‌ಕಿನ್ ಚಕ್ರವರ್ತಿಯ ವಿರುದ್ಧದ ಕ್ರಾಂತಿಕಾರಿಗಳ ಒಡನಾಟಕ್ಕೆ ಬಿದ್ದು ಪೊಲೀಸರ ಕಣ್ಣಿಗೆ ಗುರಿಯಾದರು. 1881ರಲ್ಲಿ ಯಹೂದಿಗಳ ಮೇಲೆ ಗಲಭೆಕೋರರು ಎರಗಿದಾಗ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡು ಬಂಧನಕ್ಕೂ ಒಳಗಾದರು. ಗುರುಗಳು ನಡುವೆ ಬಂದುದರಿಂದ ಬಿಡುಗಡೆಯಾಯಿತು. ಪದವಿ ಪಡೆದ ಮೇಲೆ ಅಧ್ಯಾಪಕನಾಗಬೇಕಿದ್ದರೆ ಮತ ಬದಲಿಸಬೇಕಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಆರು ವರ್ಷ ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ದುಡಿದು, 1888ರಲ್ಲಿ ಜಿನೀವಾಕ್ಕೆ, ಮರುವರ್ಷ ಪ್ಯಾರಿಸಿಗೆ ಹೋದರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ಖಾಲಿ ಇದ್ದುದು ಗ್ರಂಥಾಲಯದ ಒಂದು ಸಣ್ಣ ಕೆಲಸ ಮಾತ್ರ. ಹಗಲು ಪುಸ್ತಕ ಜೋಡಿಸುತ್ತ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುತ್ತ ಅವರು ಪ್ರಯೋಗಶಾಲೆಯೊಳಗೆ ಕಾಲಿಟ್ಟರು.

ಮೊದಲ ಪ್ರಯೋಗ ತನ್ನ ಮೈಮೇಲೆ

ಕಾಲರಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕೋಖ್ ಅದಾಗಲೇ ಗುರುತಿಸಿದ್ದರು. 1885ರಲ್ಲಿ ಸ್ಪೇನಿನ ಫೆರಾನ್ ಎಂಬ ವೈದ್ಯರು ಕಾಲರಾಕ್ಕೆ ಚುಚ್ಚುಮದ್ದು ಕೊಟ್ಟೂ ಇದ್ದರು. ಆದರೆ ಚುಚ್ಚಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಯಾರಿಗೆ ರೋಗ ತಗಲಿತು ಎಂಬ ನಂಬಬಹುದಾದ ಲೆಕ್ಕ ಅಲ್ಲಿ ಇಲ್ಲದುದರಿಂದ ವಿದ್ವಾಂಸರು ಅದನ್ನು ಒಪ್ಪಿರಲಿಲ್ಲ.

ಹಾಫ್‌ಕಿನ್ ಕಾಲರಾ ರೋಗಾಣುವನ್ನು ಒಂದು ಗಿನಿಯಿಲಿಯಿಂದ ಮತ್ತೊಂದಕ್ಕೆ ದಾಟಿಸುತ್ತ ಹೋಗಿ ಅದನ್ನು ಬಹಳ ಉಗ್ರವಾಗಿಸಿದರು. ಇನ್ನೊಂದೆಡೆ ಬಿಸಿಗಾಳಿಗೆ ಒಡ್ಡಿ ಬಲಗುಂದಿದ ತಳಿಯನ್ನೂ ಬೆಳೆಸಿದರು. ಮೊದಲು ಬಲಗುಂದಿದ್ದನ್ನು, ಕೆಲವು ದಿನ ಬಿಟ್ಟು ಉಗ್ರವಾದುದನ್ನು ಚುಚ್ಚಿದರೆ ಪ್ರಾಣಿಗಳು ರೋಗಕ್ಕೆ ಜಗ್ಗಲಿಲ್ಲ. ಮನುಷ್ಯನ ಗತಿಯೇನು? 1892ರ ಜುಲೈ 18ರಂದು ಅವರು ತನಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಚುಚ್ಚಿದಲ್ಲಿ ನೋವಾಯಿತು, ಕೆಲವು ದಿನಗಳಲ್ಲಿ ವಾಸಿಯಾಯಿತು. ಆ ಮೇಲೆ ಮೂವರು ರಷ್ಯನ್ ಗೆಳೆಯರೂ ತೋಳು ಒಡ್ಡಿದರು.

ಲಸಿಕೆಯಿಂದ ಅಪಾಯವಿಲ್ಲ ಎಂಬುದು ಇದರಿಂದ ತಿಳಿಯಿತು. ರೋಗವನ್ನು ತಡೆಯುತ್ತದೆ ಎಂಬುದು ತಿಳಿಯಬೇಕಾದರೆ ರೋಗವಿರುವ ಊರಿಗೇ ಹೋಗಬೇಕು. ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸಿನಲ್ಲಿ ಬ್ರಿಟನ್ನಿನ ರಾಯಭಾರಿ. ಅವರ ಸಹಾಯದಿಂದ ಹಾಫ್‌ಕಿನ್ 1893ರ ಮಾರ್ಚಿನಲ್ಲಿ ಕಲ್ಕತ್ತೆಗೆ ಬಂದಿಳಿದರು.

ಕಲ್ಕತ್ತೆಯ ಬಸ್ತಿಗಳಲ್ಲಿ

ಇಲ್ಲಿ ಅವರನ್ನು ನಂಬುವವರು ಕಡಿಮೆ. ಬಿಳಿಯ ವೈದ್ಯಾಧಿಕಾರಿಗಳಿಗೆ ಅವರು ವೈದ್ಯನಲ್ಲದ ರಷ್ಯನ್. ಊರ ಜನರಿಗೆ ಸೂಜಿ ಹಿಡಿದ ಪರದೇಶಿ. ಮೊದಲ ವರ್ಷ ಆಗ್ರಾದಿಂದ ತೊಡಗಿ ಉತ್ತರ ಭಾರತದ ಊರುಗಳಲ್ಲೂ ದಂಡುಪ್ರದೇಶಗಳಲ್ಲೂ ಸುತ್ತಾಡಿ, ಬಯಸಿ ಬಂದವರಿಗೆ ಮಾತ್ರ ಚುಚ್ಚಿದರು. ಬಲಾತ್ಕಾರ ಸಲ್ಲದೆಂಬುದು ಅವರ ನಿಯಮ.

1894ರ ಮಾರ್ಚಿನಲ್ಲಿ ಕಲ್ಕತ್ತೆ ನಗರದ ಆರೋಗ್ಯಾಧಿಕಾರಿ ಡಾ. ಸಿಂಪ್ಸನ್ ಅವರು ಕಾಲರಾ ತಲೆದೋರಿದ್ದ ಕಟ್ಟಲ್ ಬಾಗಾನ್ ಎಂಬ ಬಸ್ತಿಗೆ ಹಾಫ್‌ಕಿನ್‌ರನ್ನು ಕರೆಸಿದರು. ಜನ ಮೊದಲು ಕಲ್ಲೆಸೆದರೆಂದೂ, ಹಾಫ್‌ಕಿನ್ ಎಲ್ಲರೆದುರಿಗೆ ತನಗೇ ಚುಚ್ಚಿಸಿಕೊಂಡ ಬಳಿಕ ಒಬ್ಬೊಬ್ಬರಾಗಿ ಮುಂದೆ ಬಂದರೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಸುಮಾರು 200 ಮಂದಿಯಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಮುಂದಿನ ದಿನಗಳಲ್ಲಿ ಅಲ್ಲಿ ಇನ್ನೂ 10 ಮಂದಿ ರೋಗಕ್ಕೆ ತುತ್ತಾದರು. 7 ಮಂದಿ ಸತ್ತರು. ಆ ಹತ್ತು ಮಂದಿಯೂ ಚುಚ್ಚಿಸಿಕೊಳ್ಳದೆ ಉಳಿದವರು. ಒಂದೇ ಕೆರೆಯ ನೀರು, ಒಂದೇ ಓಣಿ, ಒಂದೇ ಬಡತನ. ವ್ಯತ್ಯಾಸ ಸೂಜಿಯದು ಮಾತ್ರ. ಇಂತಹ ಹೋಲಿಕೆಯೇ ಹಾಫ್‌ಕಿನ್‌ಗೆ ಬೇಕಾಗಿತ್ತು.

1895ರ ಹೊತ್ತಿಗೆ ಸುಮಾರು 42,000 ಮಂದಿಗೆ ಕಾಲರಾ ಲಸಿಕೆ ದೊರೆತಿತ್ತು. ಅಷ್ಟರಲ್ಲಿ ಮಲೇರಿಯದಿಂದ ಜರ್ಜರಿತರಾದ ಹಾಫ್‌ಕಿನ್ ಯೂರೋಪಿಗೆ ಮರಳಬೇಕಾಯಿತು. ಚೇತರಿಸಿಕೊಂಡದ್ದೇ 1896ರಲ್ಲಿ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯಲ್ಲಿ ಮಹಾಮಾರಿ

ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರು ಪ್ರದೇಶದಲ್ಲಿ ಡಾ. ವಿಯೇಗಾಸ್ ಎಂಬ ಗೋವೆಯ ವೈದ್ಯರು ಪ್ಲೇಗನ್ನು ಗುರುತಿಸಿದರು. ತೊಡೆಸಂದು, ಕಂಕುಳಲ್ಲಿ ಗಡ್ಡೆ ಏಳುವುದು, ತಲೆ ಸುತ್ತುವ ಜ್ವರ, ಮೂರು ನಾಲ್ಕು ದಿನದಲ್ಲಿ ಸಾವು. ಇಲಿ ಸತ್ತು ಬಿದ್ದ ಮನೆಯನ್ನು ಬಿಟ್ಟು ಜನ ಓಡಿದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಶಾಸನ ಜಾರಿಗೆ ಬಂತು. ಮನೆ ಹೊಕ್ಕು ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ನಡೆಯಿತು. ಪುಣೆಯಲ್ಲಿ ಈ ದಬ್ಬಾಳಿಕೆಯಿಂದ ರೊಚ್ಚಿಗೆದ್ದ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನಿಗೆ ಗುಂಡಿಕ್ಕಿದ್ದು ಆ ವರ್ಷದ ಜೂನ್ 22ರಂದು.

ಹಾಫ್‌ಕಿನ್ ಹಿಡಿದ ದಾರಿ ಬೇರೆ. ಅಕ್ಟೋಬರ್ 1896ರಲ್ಲಿ ಮುಂಬಯಿಗೆ ಬಂದ ಅವರಿಗೆ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ದೊರೆತದ್ದು ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗಿನ ರೋಗಾಣುವನ್ನು ಎರಡು ವರ್ಷ ಹಿಂದೆ ಹಾಂಕಾಂಗಿನಲ್ಲಿ ಯೆರ್ಸಿನ್ ಕಂಡುಕೊಂಡಿದ್ದರು. ರೋಗಾಣುವನ್ನು ಬೆಳೆಸುವ ಸಾರಿನ ಮೇಲೆ ಹಾಫ್‌ಕಿನ್ ತುಪ್ಪದ ಹನಿಗಳನ್ನು ತೇಲಬಿಟ್ಟರು. ಹನಿಯ ಅಡಿಯಿಂದ ರೋಗಾಣುಗಳು ಜಟೆಯಂತೆ ಕೆಳಗಿಳಿದು ಹೇರಳವಾಗಿ ಬೆಳೆದವು. ಅವನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಸೇರಿಸಿದಾಗ ಲಸಿಕೆ ಸಿದ್ಧವಾಯಿತು. ಮೂರೇ ತಿಂಗಳಲ್ಲಿ ಕೆಲಸ ಮುಗಿದಿತ್ತು. 1897ರ ಜನವರಿ 10ರಂದು 10 ಸಿ.ಸಿ.ಯಷ್ಟು ಮದ್ದನ್ನು ತನಗೇ ಚುಚ್ಚಿಸಿಕೊಂಡರು.

ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಮುಂದೆ ಬಂದ ಕೈದಿಗಳಿಗೆ ಹಾಫ್‌ಕಿನ್ ಲಸಿಕೆ ಕೊಟ್ಟರು. ಸರಿಸುಮಾರು ಅರ್ಧದಷ್ಟು ಮಂದಿ ಹಾಗೆಯೇ ಉಳಿದರು. ಆ ಮೇಲೆ ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ರೋಗ ಬಂದು ಇಬ್ಬರೂ ಬದುಕಿದರು. ಉಳಿದವರಲ್ಲಿ ಹನ್ನೆರಡು ಮಂದಿಗೆ ಬಂದು ಸುಮಾರು ಅರ್ಧ ಮಂದಿ ಸತ್ತರು. ಸೆರೆಯಲ್ಲಿರುವವನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಇಂದಿನವರು ಕೇಳಬಹುದು. ಆ ಕಾಲದಲ್ಲಿ ಯಾರೂ ಕೇಳಲಿಲ್ಲ.

ಖೋಜಾ ಸಮುದಾಯದ ಗುರು ಆಗಾಖಾನರು ತಾವೇ ಚುಚ್ಚಿಸಿಕೊಂಡು ಸಾವಿರಾರು ಅನುಯಾಯಿಗಳಿಗೆ ದಾರಿ ತೋರಿದರು. ಕನ್ನಡ ನಾಡಿಗೂ ಈ ಲಸಿಕೆ ಬೇಗ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ದುಡಿಮೆಯಿಂದ ಹತ್ತಾರು ಸಾವಿರ ಮಂದಿ ಅದನ್ನು ಪಡೆದರು. ಧಾರವಾಡ, ಗದಗಗಳಲ್ಲೂ ಚುಚ್ಚುವ ಕೆಲಸ ನಡೆಯಿತು. ಅದೇ ವರ್ಷ ಬೆಂಗಳೂರಿಗೆ ನುಗ್ಗಿದ ಪ್ಲೇಗಿನ ದೆಸೆಯಿಂದಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಊರೂರಿನಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳೂ ಎದ್ದವು.

ಉಂಧೇರದ ಲೆಕ್ಕ

ಹಾಫ್‌ಕಿನ್‌ರ ವಿಚಾರ ರೀತಿಯನ್ನು ಚೆನ್ನಾಗಿ ತೋರಿಸುವುದು ಬರೋಡೆ ಸಂಸ್ಥಾನದ ಉಂಧೇರ ಎಂಬ ಹಳ್ಳಿಯ ಪ್ರಯೋಗ. ಚುಚ್ಚಿಸಿಕೊಳ್ಳುವವರು ಮೊದಲೇ ಸ್ಥಿತಿವಂತರೂ ಶುಚಿಯಾದವರೂ ಆಗಿರಬಹುದು, ಅದರಿಂದಲೇ ಅವರು ಬದುಕಿರಬಹುದು ಎಂಬ ಆಕ್ಷೇಪವಿತ್ತು. ಆದುದರಿಂದ 1898ರ ಫೆಬ್ರವರಿಯಲ್ಲಿ ಆ ಹಳ್ಳಿಯಲ್ಲಿ ಮನೆಮನೆಯ ಜನರನ್ನು ಎರಡು ಪಾಲಾಗಿ ವಿಂಗಡಿಸಿ, ಒಂದು ಪಾಲಿಗೆ ಮಾತ್ರ ಲಸಿಕೆ ಕೊಡಲಾಯಿತು. ಪ್ಲೇಗು ತಗಲಿದ ಮನೆಗಳಲ್ಲಿ ಲಸಿಕೆ ಪಡೆಯದ 64 ಮಂದಿಯಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತರು. ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಒಂದೇ ಸೂರಿನಡಿಯ ಅಣ್ಣತಮ್ಮಂದಿರ ನಡುವಿನ ಈ ಹೋಲಿಕೆಯನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಸರಕಾರ ನೇಮಿಸಿದ ಪ್ಲೇಗ್ ಆಯೋಗ ಹಾಫ್‌ಕಿನ್‌ರ ಕೆಲವು ಅಂಕಿ ಅಂಶಗಳನ್ನು ಪ್ರಶ್ನಿಸಿತಾದರೂ ಲಸಿಕೆಯಿಂದ ರೋಗವೂ ಸಾವೂ ತಗ್ಗುವುದನ್ನು ಒಪ್ಪಿತು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂಬುದು ಆಗಿನ್ನೂ ಸಾಮಾನ್ಯ ತಿಳಿವಳಿಕೆಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು.

1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರ್ ಭವನದಲ್ಲಿ ಪ್ಲೇಗ್ ಸಂಶೋಧನಾಲಯ ತೆರೆಯಿತು. ಹಾಫ್‌ಕಿನ್ ಅದರ ನಿರ್ದೇಶಕರಾದರು.

ಒಂದು ಸೀಸೆ

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಹಬ್ಬಿ, ಲಕ್ಷಗಟ್ಟಲೆ ಲಸಿಕೆಗೆ ಬೇಡಿಕೆ ಬಂತು. ಬೇಗನೆ ತಯಾರಿಸಲೆಂದು ಹಾಫ್‌ಕಿನ್ ವಿಧಾನವನ್ನು ಬದಲಿಸಿ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟಿದ್ದರು. ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಚುಚ್ಚಲಾಯಿತು. ಇಂದು ಆ ಊರು ಪಾಕಿಸ್ತಾನದಲ್ಲಿದೆ. ಸುಮಾರು ಒಂದು ವಾರದಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿ, ಹತ್ತೊಂಬತ್ತು ಮಂದಿಯೂ ತೀರಿಕೊಂಡರು. ಎಲ್ಲರಿಗೂ ಚುಚ್ಚಿದ್ದು ಒಂದೇ ಸೀಸೆಯ ಮದ್ದು. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ವಿಚಾರಣಾ ಆಯೋಗ ಸೀಸೆ ತೆರೆಯುವ ಮೊದಲೇ, ಅಂದರೆ ಮುಂಬಯಿಯಲ್ಲೇ, ಅದು ಕೆಟ್ಟಿತ್ತೆಂದು ತೀರ್ಮಾನಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ಸಂಬಳವಿಲ್ಲದ ರಜೆಯ ಮೇಲೆ ಇಂಗ್ಲೆಂಡಿಗೆ ಹೋದರು. ಆದರೆ ಸಾಕ್ಷ್ಯದ ಕಡತದಲ್ಲಿ ಇನ್ನೊಂದು ಸಂಗತಿಯಿತ್ತು. ಮಲ್ಕೋವಾಲಿನಲ್ಲಿ ಸೀಸೆಯ ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ಔಷಧದ ನೀರಿನಲ್ಲಿ ಅದ್ದಿ ಬಳಸಲಾಗಿತ್ತು. ಧನುರ್ವಾಯುವಿನ ಬೀಜ ಇರುವುದು ಮಣ್ಣಿನಲ್ಲಿ. ಸೀಸೆ ವಾರಗಟ್ಟಲೆ ಮೊದಲೇ ಕೆಟ್ಟಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು; ಚುಚ್ಚಿದ ವೈದ್ಯರಿಗೆ ಅಂಥ ವಾಸನೆ ಬಂದಿರಲಿಲ್ಲ.

ಮಲೇರಿಯ ಮತ್ತು ಸೊಳ್ಳೆಯ ನಂಟನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದಿದ್ದ ರೊನಾಲ್ಡ್ ರಾಸ್ 1907ರಲ್ಲಿ ಈ ಅನ್ಯಾಯವನ್ನು ಲಂಡನ್ನಿನ ಪತ್ರಿಕೆಯಲ್ಲಿ ಬಯಲಿಗೆಳೆದರು. ಇತರ ಹೆಸರಾಂತ ವಿಜ್ಞಾನಿಗಳೂ ಜತೆಗೂಡಿ ಸಹಿ ಹಾಕಿದರು. ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಅದೇ ವರ್ಷದ ಕೊನೆಯಲ್ಲಿ ಹಾಫ್‌ಕಿನ್‌ರಿಗೆ ಮತ್ತೆ ಕೆಲಸ ಕೊಡಲು ಸರಕಾರ ಒಪ್ಪಿತು.

ಕೊನೆಯ ವರ್ಷಗಳು

ಐದು ವರ್ಷ ಹೋಗಿತ್ತು. ಪರೇಲಿನ ಹುದ್ದೆಯಲ್ಲಿ ಬೇರೊಬ್ಬರಿದ್ದರು. ಕಲ್ಕತ್ತೆಯಲ್ಲಿ ಅವರಿಗೆ ದೊರೆತ ಪ್ರಯೋಗಶಾಲೆಯಲ್ಲಿ ಲಸಿಕೆ ತಯಾರಿಸುವ ಏರ್ಪಾಡಾಗಲಿ, ಜನರ ಮೇಲೆ ಪರೀಕ್ಷಿಸುವ ಅನುಮತಿಯಾಗಲಿ ಇರಲಿಲ್ಲ. ಬರೆವಣಿಗೆಯಲ್ಲಿ ಕಾಲ ಕಳೆದು, 55ನೆಯ ವಯಸ್ಸಿನಲ್ಲಿ ನಿವೃತ್ತರಾಗಿ ಫ್ರಾನ್ಸಿಗೆ ತೆರಳಿದರು. ಮದುವೆಯಾಗಿರಲಿಲ್ಲ. ಕೊನೆಗಾಲದಲ್ಲಿ ಯಹೂದಿ ಧರ್ಮಾಚರಣೆಯ ಕಡೆಗೆ ಮನಸ್ಸು ವಾಲಿ, ಉಳಿತಾಯದ ಹಣವನ್ನು ಪೂರ್ವ ಯೂರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳಿಗಾಗಿ ನಿಧಿಯಾಗಿ ಇಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೋಸಾನ್ ಪಟ್ಟಣದಲ್ಲಿ ಗತಿಸಿದರು.

1925ರಲ್ಲಿ ಪರೇಲಿನ ಸಂಶೋಧನಾಲಯಕ್ಕೆ ಅವರ ಹೆಸರಿಡಲಾಗಿತ್ತು. ಆ ಹೊತ್ತಿಗೆ ಅಲ್ಲಿಂದ ಹೊರಬಿದ್ದ ಪ್ಲೇಗ್ ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಮಂದಿಗೆ ಸಾಲುವಷ್ಟು. 1964ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರತಂದಿತು.

ಅವರ ಲಸಿಕೆಗಳು ಪರಿಪೂರ್ಣವಾಗಿರಲಿಲ್ಲ. ಚುಚ್ಚಿಸಿಕೊಂಡವರು ಜ್ವರದಿಂದ ನರಳುತ್ತಿದ್ದರು. ರಕ್ಷಣೆ ಕೆಲವು ತಿಂಗಳು ಮಾತ್ರ. ಶ್ವಾಸಕೋಶದ ಪ್ಲೇಗನ್ನು ಅದು ತಡೆಯುತ್ತಿರಲಿಲ್ಲ. ಇಂದು ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್‌ನಂತಹ ಔಷಧಗಳಿವೆ, ಕಾಲರಾಕ್ಕೆ ಬಾಯಲ್ಲಿ ಹಾಕುವ ಲಸಿಕೆ ಇದೆ. ಭಾರತದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಎಂದು ಅಂದಾಜಿದೆ. ಲಸಿಕೆ ಇರದಿದ್ದರೆ ಈ ಲೆಕ್ಕ ಎಷ್ಟು ಬೆಳೆಯುತ್ತಿತ್ತೆಂದು ಯಾರೂ ಹೇಳಲಾರರು.

ರೋಗ ಬಾರದಂತೆ ತಡೆಯುವವನ ಕಷ್ಟ ಇದೇ. ಗುಣವಾದ ರೋಗಿ ವೈದ್ಯನ ಮನೆಗೆ ಬಾಳೆಗೊನೆ ಹೊತ್ತು ತರುತ್ತಾನೆ. ರೋಗವೇ ಬಾರದೆ ಉಳಿದವನಿಗೆ ತಾನು ಉಳಿದದ್ದು ಯಾರಿಂದ ಎಂಬುದು ತಿಳಿಯದು. ಮಲ್ಕೋವಾಲಿನ ಹತ್ತೊಂಬತ್ತು ಸಾವು ಎಲ್ಲರ ಕಣ್ಣಿಗೆ ಬಿತ್ತು, ಬೀಳಬೇಕಾದದ್ದೇ. ಉಂಧೇರದಲ್ಲಿ ಬದುಕಿ ಉಳಿದವರು ಕಂಡದ್ದು ಲೆಕ್ಕ ಇಟ್ಟವನಿಗೆ ಮಾತ್ರ. ಹೊಸ ಲಸಿಕೆಯೊಂದು ಬಂದಾಗಲೆಲ್ಲ ಪಡೆದವರನ್ನೂ ಪಡೆಯದವರನ್ನೂ ಅಕ್ಕಪಕ್ಕ ಇಟ್ಟು ಎಣಿಸುವ ಕ್ರಮ ಇಂದು ಜಗತ್ತಿನಾದ್ಯಂತ ನಡೆದಿದೆ. ಆ ಎಣಿಕೆಯನ್ನು ನಮ್ಮ ದೇಶದ ಬಸ್ತಿಗಳಲ್ಲಿ, ಸೆರೆಮನೆಯಲ್ಲಿ, ಹಳ್ಳಿಯಲ್ಲಿ ಅಷ್ಟು ಹಿಂದೆಯೇ ಪಟ್ಟುಹಿಡಿದು ಮಾಡಿದವರಲ್ಲಿ ಹಾಫ್‌ಕಿನ್ ಒಬ್ಬರು.