ಕಪ್ಪತಗುಡ್ಡದ ಕಲ್ಲುಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಧಾರವಾಡದ ಹೆಸರನ್ನು ಜಗತ್ತಿನ ಭೂವಿಜ್ಞಾನಕ್ಕೆ ಕೊಟ್ಟ ಸರ್ವೇಕ್ಷಕ. ಗವಿ, ಬೂದಿ ದಿಬ್ಬ, ಬೆಟ್ಟಗಳಲ್ಲಿ ನಾಡಿನ ಆದಿಮಾನವನ ಜಾಡು ಹಿಡಿದ ಸಂಶೋಧಕ

ಮಾಗಡಿ (ಗದಗ ಜಿಲ್ಲೆ): ಶಿರಹಟ್ಟಿ ತಾಲ್ಲೂಕಿನ ಮಾಗಡಿ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಚಳಿಗಾಲದಲ್ಲಿ ಇಲ್ಲಿನ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು. 2024ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದ ಈ ಕೆರೆಯ ಪೂರ್ವಕ್ಕೆ ಹಬ್ಬಿರುವುದು ಕಪ್ಪತಗುಡ್ಡದ ಸಾಲು. ಗದಗ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 60 ಕಿ.ಮೀ. ಚಾಚಿರುವ ಈ ಗುಡ್ಡವನ್ನು ಔಷಧಿ ಸಸ್ಯಗಳ ಕಣಜವೆಂದು, ಕಪ್ಪತಮಲ್ಲೇಶ್ವರನ ಸನ್ನಿಧಿಯೆಂದು ಜನ ಬಲ್ಲರು. ಆದರೆ ಇದರ ಬಂಡೆಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಪರಿಶೀಲಿಸಿ, ಅವುಗಳಿಗೆ ವಿಜ್ಞಾನದ ಗ್ರಂಥದಲ್ಲಿ ಸ್ಥಾನ ಕೊಟ್ಟ ವ್ಯಕ್ತಿಯನ್ನು ಬಲ್ಲವರು ವಿರಳ. ಅವರೇ ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆಂದು ಹೆಸರಾದ ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಅವರದು ದ್ವಿಮುಖ ಸಾಧನೆ. ಭೂಗರ್ಭದಲ್ಲಿ ಚಿನ್ನ, ಕಬ್ಬಿಣ ಎಲ್ಲಿವೆ ಎಂಬುದನ್ನು ಸರ್ಕಾರಕ್ಕೆ ತಿಳಿಸುವುದು ಅವರ ನೌಕರಿಯಾಗಿತ್ತು. ಅದೇ ನೆಲದ ಮೇಲೆ ಲಕ್ಷಾಂತರ ವರ್ಷಗಳ ಹಿಂದೆ ಮನುಷ್ಯ ಬಾಳಿದ್ದನೆಂಬುದಕ್ಕೆ ಸಾಕ್ಷ್ಯ ಹುಡುಕುವುದು ಅವರೇ ಹಚ್ಚಿಕೊಂಡ ಗೀಳು. ಮೊದಲನೆಯ ಕೆಲಸ ಗಣಿ ಉದ್ಯಮಕ್ಕೆ ದಾರಿ ತೋರಿಸಿತು. ಎರಡನೆಯದು ಬೆಟ್ಟಗುಡ್ಡಗಳನ್ನು ಉಳಿಸಿಕೊಳ್ಳಲು ಇಂದಿಗೂ ಆಧಾರ ಒದಗಿಸುತ್ತಿದೆ.

ಪಲ್ಲಾವರಂನಲ್ಲಿ ಸಿಕ್ಕ ಕೈಕೊಡಲಿ

ಫೂಟ್ ಜನಿಸಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದಾಗ ಅವರಿಗೆ 24ರ ಹರೆಯ. ಅದೇ ವರ್ಷ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿ ಭೀಮರಾಯರ ಬಂಡಾಯವನ್ನು ಬ್ರಿಟಿಷರು ರಕ್ತದಲ್ಲಿ ಮುಳುಗಿಸಿದ್ದರು. ಆ ಬಂಡಾಯದ ಸೀಮೆಯಲ್ಲಿಯೇ ಮುಂದೆ ಈ ತರುಣ ಕೈಯಲ್ಲಿ ಸುತ್ತಿಗೆ ಹಿಡಿದು ಅಲೆಯುವವನಿದ್ದ.

ಮಾನವನ ಪ್ರಾಚೀನತೆಯ ಕುರಿತು ಯುರೋಪಿನಲ್ಲಿ ಆಗ ದೊಡ್ಡ ಚರ್ಚೆ ನಡೆದಿತ್ತು. ಫ್ರಾನ್ಸಿನ ಸೊಮ್ ನದಿ ಕಣಿವೆಯಲ್ಲಿ ಅಳಿದುಹೋದ ಪ್ರಾಣಿಗಳ ಎಲುಬುಗಳೊಂದಿಗೆ ದೊರೆತ ಕಲ್ಲಿನ ಆಯುಧಗಳು ಮನುಷ್ಯನ ಕೈಕೆಲಸವೇ ಎಂಬುದನ್ನು ವಿದ್ವಾಂಸರು ಒಪ್ಪಿಕೊಂಡದ್ದು 1859ರಲ್ಲಿ. ಈ ಬೆಳವಣಿಗೆಯನ್ನು ದೂರದ ಮದ್ರಾಸಿನಿಂದ ಗಮನಿಸುತ್ತಿದ್ದ ಫೂಟ್, ಅಂತಹ ಆಯುಧಗಳು ಇಲ್ಲಿಯೂ ಇರಬೇಕೆಂದು ತರ್ಕಿಸಿದರು. 1863ರ ಮೇ 30ರಂದು ಮದ್ರಾಸ್ ಸಮೀಪದ ಪಲ್ಲಾವರಂನಲ್ಲಿ ಗರಸು ತೋಡಿದ ಗುಂಡಿಯೊಂದರ ಬಳಿ ಅವರಿಗೆ ಮನುಷ್ಯ ಕೆತ್ತಿದ ಕಲ್ಲೊಂದು ದೊರೆಯಿತು. ಭಾರತದಲ್ಲಿ ಹಳೆ ಶಿಲಾಯುಗದ ಅಸ್ತಿತ್ವವನ್ನು ಸಾರಿದ ಶೋಧ ಇದು. ಕೆಲವೇ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆಗೂಡಿ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಪತ್ತೆ ಹಚ್ಚಿದರು. ಅದೇ ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಕಾಲಮಾನ ಅಳೆಯುವ ಯಾವ ಸಾಧನವೂ ಇಲ್ಲದಿದ್ದ ದಿನಗಳಲ್ಲಿ ಫೂಟ್ ನೆಚ್ಚಿಕೊಂಡದ್ದು ಮಣ್ಣಿನ ಪದರು ಮತ್ತು ತಮ್ಮ ಕಣ್ಣು, ಇವೆರಡನ್ನೇ.

ಡಂಬಳದ ಗುಡ್ಡಗಳಲ್ಲಿ

ಮುಂದೆ ಫೂಟ್ ಅವರಿಗೆ ವಹಿಸಲಾದದ್ದು ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯಲಾಗುತ್ತಿದ್ದ ಇಂದಿನ ಉತ್ತರ ಕರ್ನಾಟಕ. ಈ ಸೀಮೆ ಆಡಳಿತದ ದೃಷ್ಟಿಯಿಂದ ಹರಿದು ಹಂಚಿಹೋಗಿತ್ತು. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ತುಂಗಭದ್ರೆಯಾಚೆ ಮದ್ರಾಸ್ ಪ್ರಾಂತ್ಯ, ಪೂರ್ವಕ್ಕೆ ನಿಜಾಮನ ರಾಜ್ಯ. ಬಂಡೆಗಳಿಗೆ ಈ ಗಡಿಗಳ ಹಂಗಿರಲಿಲ್ಲ. ಬಂಡೆಗಳ ಬೆನ್ನು ಹತ್ತಿದ ಫೂಟ್ ಎಲ್ಲ ಸೀಮೆಗಳನ್ನೂ ದಾಟಿ ಒಂದೇ ನಕ್ಷೆಯಲ್ಲಿ ಕೂಡಿಸಿದರು.

ಕಪ್ಪತಗುಡ್ಡವನ್ನು ಅವರ ವರದಿಗಳು ಡಂಬಳದ ಗುಡ್ಡಗಳೆಂದು ಹೆಸರಿಸುತ್ತವೆ. ಇಲ್ಲಿನ ಚಿನ್ನ ಹೊಂದಿದ ಶಿಲೆಗಳ ಕುರಿತ ಅವರ ಲೇಖನ ಇಲಾಖೆಯ ಪತ್ರಿಕೆಯಲ್ಲಿ 1874ರಲ್ಲಿ ಪ್ರಕಟವಾಯಿತು. ಗುಡ್ಡದ ಶಿಲೆಗಳನ್ನು ಅವರು ಡೋಣಿ, ಕಪ್ಪತಗುಡ್ಡ, ಸೊರಟೂರು ಎಂದು ಮೂರು ಶ್ರೇಣಿಗಳಾಗಿ ವಿಂಗಡಿಸಿದರು. ಊರಿನ ಹೆಸರುಗಳೇ ಹೀಗೆ ವಿಜ್ಞಾನದ ಪರಿಭಾಷೆಯಾದವು.

ಈ ಊರುಗಳೇನೂ ಸಾಮಾನ್ಯವಲ್ಲ. ಡಂಬಳದಲ್ಲಿ 12ನೇ ಶತಮಾನದ, ನಕ್ಷತ್ರಾಕಾರದ ತಳವಿನ್ಯಾಸದ ದೊಡ್ಡಬಸಪ್ಪ ದೇವಾಲಯವಿದೆ. 1095ರ ಶಾಸನ ಅಲ್ಲಿ ಬೌದ್ಧ ವಿಹಾರವಿದ್ದುದನ್ನು ಹೇಳುತ್ತದೆ. ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು 12ನೇ ಶತಮಾನದ ಕೊನೆಯ ದಶಕದ ಹೊತ್ತಿಗೆ ಸೋಲಿಸಿದ್ದು ಸೊರಟೂರಿನ ಬಯಲಿನಲ್ಲಿ. ಶಾಸನಗಳ ಈ ಇತಿಹಾಸಕ್ಕೂ ಹಿಂದಿನ ಇತಿಹಾಸವೊಂದು ಅದೇ ಗುಡ್ಡದ ಪದರುಗಳಲ್ಲಿ ಅಡಗಿದೆ ಎಂಬುದನ್ನು ಫೂಟ್ ತೋರಿಸಿಕೊಟ್ಟರು.

ಚಿನ್ನದ ಸುಳಿವು ಫೂಟ್ ಅವರಿಗಿಂತ ಮುಂಚೆಯೇ ಇತ್ತು. ಮಳೆಗಾಲದ ಪ್ರವಾಹ ಇಳಿದ ಮೇಲೆ ಹಳ್ಳದ ಮರಳನ್ನು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಲಗಾರರು ತಲೆಮಾರುಗಳಿಂದ ಇಲ್ಲಿದ್ದರು. ಮಣ್ಣಿನ ಬಣ್ಣ, ಮರಳಿನ ತೂಕ, ಹಳ್ಳದ ತಿರುವುಗಳನ್ನು ನೋಡಿ ಚಿನ್ನದ ಜಾಗ ಗುರುತಿಸುವ ಅವರ ಜಾಣ್ಮೆಯೇ ಸರ್ವೇಕ್ಷಕರಿಗೆ ಮೊದಲ ದಾರಿದೀಪ. ಫೂಟ್ ಆ ಹಳ್ಳಗಳ ಮೂಲ ಹುಡುಕುತ್ತ ಮೇಲೇರಿ, ಚಿನ್ನ ಬರುತ್ತಿರುವುದು ಸೊರಟೂರು ಶ್ರೇಣಿಯ ಶಿಲೆಗಳಿಂದ ಎಂಬ ತೀರ್ಮಾನಕ್ಕೆ ಬಂದರು. ಮುಂದೆ 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು ಮುಂತಾದೆಡೆ ಸುರಂಗ ತೋಡಿದವು. ಆದರೆ ಗದಗ ಸೀಮೆ ಮತ್ತೊಂದು ಕೋಲಾರವಾಗಲಿಲ್ಲ. ಗಣಿಗಳು ಹೆಚ್ಚು ಕಾಲ ಬಾಳಲಿಲ್ಲ.

ಧಾರವಾಡದ ಹೆಸರು ಜಗತ್ತಿಗೆ

ಫೂಟ್ ಅವರ ಬೃಹತ್ ಗ್ರಂಥ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತದ್ದು, 1876ರಲ್ಲಿ ಹೊರಬಂತು. ಬಾದಾಮಿಯ ಮರಳುಕಲ್ಲು ಮತ್ತು ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲುಗಳನ್ನು ಒಳಗೊಂಡ ಶಿಲಾಸಮೂಹಕ್ಕೆ ಅವರು ಕಲಾದಗಿಯ ಹೆಸರಿಟ್ಟರು. ಚಾಲುಕ್ಯರ ಶಿಲ್ಪಿಗಳು 6ನೇ ಶತಮಾನದಲ್ಲಿ ಗುಹಾಲಯಗಳನ್ನು ಕೊರೆದದ್ದು ಇದೇ ಮರಳುಕಲ್ಲಿನಲ್ಲಿ.

ಇದಕ್ಕಿಂತ ಮಿಗಿಲಾದ ಕೊಡುಗೆ ಮುಂದಿನ ದಶಕದಲ್ಲಿ ಬಂತು. ದಕ್ಷಿಣ ಭಾರತದ ಪುರಾತನ ಬಂಡೆಗಳೆಲ್ಲವನ್ನೂ ಅಲ್ಲಿಯವರೆಗೆ ಒಂದೇ ರಾಶಿಯೆಂದು ಎಣಿಸಲಾಗುತ್ತಿತ್ತು. ಅವುಗಳ ನಡುವೆ ಉದ್ದುದ್ದವಾಗಿ ಪಟ್ಟಿಯಂತೆ ಸಾಗುವ ಪದರುಶಿಲೆಗಳು ಬೇರೆಯೇ ಒಂದು ಸಮೂಹವೆಂದೂ, ದಕ್ಷಿಣದ ಚಿನ್ನವೆಲ್ಲ ಬಹುಮಟ್ಟಿಗೆ ಈ ಪಟ್ಟಿಗಳಲ್ಲಿಯೇ ಇದೆಯೆಂದೂ ಫೂಟ್ ಗುರುತಿಸಿದರು. 1886ರಿಂದ 1889ರ ನಡುವಿನ ಬರಹಗಳಲ್ಲಿ ಅದಕ್ಕೆ ಅವರು ಕೊಟ್ಟ ಹೆಸರು ಧಾರವಾಡ ಶಿಲಾಸಮೂಹ. ಕಪ್ಪತಗುಡ್ಡ ಈ ವಿಂಗಡಣೆಯಲ್ಲಿ ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿಯ ಉತ್ತರದ ತುದಿ. ಈ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಭೂಮಿಯ ಬಾಲ್ಯವನ್ನು ಅರಿಯಬಯಸುವ ಯಾವ ದೇಶದ ವಿದ್ಯಾರ್ಥಿಯೂ ಇಂದು ಧಾರವಾಡ ಎಂಬ ಹೆಸರನ್ನು ಓದದೆ ಮುಂದೆ ಸಾಗುವಂತಿಲ್ಲ.

ಗವಿಗಳ ಒಳಗೆ

ಫೂಟ್ ಅವರ ಬದುಕಿನ ಅತ್ಯಂತ ಸಾಹಸದ ಅಧ್ಯಾಯ ನಡೆದದ್ದು ಕರ್ನೂಲು ಸೀಮೆಯ ಬಿಲ್ಲ ಸುರ್ಗಂ ಗವಿಗಳಲ್ಲಿ. ಬೇತಂಚೆರ್ಲ ಸಮೀಪದ ಸುಣ್ಣಕಲ್ಲಿನ ಕಂದರದಲ್ಲಿರುವ ಈ ಗವಿಗಳಲ್ಲಿ ಎಲುಬುಗಳಿವೆ ಎಂಬುದನ್ನು ಸೇನಾಧಿಕಾರಿ ನ್ಯೂಬೋಲ್ಡ್ 1844ರಲ್ಲಿಯೇ ಪ್ರಕಟಿಸಿದ್ದರು. ಆನಂತರ ಆ ಜಾಗ ಮರೆತೇ ಹೋಗಿತ್ತು. ಪ್ರಖ್ಯಾತ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ಅವರು ಮದ್ರಾಸ್ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಗವಿಗಳ ಮಹತ್ವವನ್ನು ಮನಗಾಣಿಸಿದ ಮೇಲೆ ಆ ಹೊಣೆ ಫೂಟ್ ಅವರ ಹೆಗಲೇರಿತು.

1883–84ರಲ್ಲಿ ಕಾರ್ಯ ಆರಂಭವಾಯಿತು. ಫೂಟ್ ಅವರಿಗೆ ಜೊತೆಯಾದವರು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಮಗ ಹೆನ್ರಿ. ಗವಿಯ ನೆಲವನ್ನು ಪದರು ಪದರಾಗಿ ತೆಗೆದು, ಎಲುಬುಗಳನ್ನು ಬೇರ್ಪಡಿಸಿ ಗುರುತು ಹಾಕುವ ಕೆಲಸದ ಬಹುಭಾಗವನ್ನು ಮಗನೇ ನಿರ್ವಹಿಸಿದರು. ಆ ಎಲುಬುಗಳನ್ನು ಪರಿಶೀಲಿಸಿದ ತಜ್ಞ ಲೈಡೆಕ್ಕರ್, ಅಳಿದುಹೋದ ಖಡ್ಗಮೃಗವೊಂದರ ಪ್ರಭೇದಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಇದಕ್ಕೂ ಮೊದಲು ಬೆಳಗಾವಿ ಜಿಲ್ಲೆಯ ಗೋಕಾಕ ಬಳಿ ಫೂಟ್ ಸ್ವತಃ ಖಡ್ಗಮೃಗದ ಪಳೆಯುಳಿಕೆಯೊಂದನ್ನು ಪತ್ತೆ ಮಾಡಿ, 1874ರಲ್ಲಿ ಅದರ ವಿವರ ಪ್ರಕಟಿಸಿದ್ದರು. ಇಂದಿನ ಒಣ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗಗಳು ತಿರುಗಾಡಿದ್ದವು ಎಂಬ ಸಂಗತಿ ಹೀಗೆ ಎರಡು ಕಡೆಯಿಂದ ದೃಢಪಟ್ಟಿತು.

ಬಿಲ್ಲ ಸುರ್ಗಂನಲ್ಲಿ ಮನುಷ್ಯ ಎಲುಬಿನಿಂದ ತಯಾರಿಸಿದ ಆಯುಧಗಳೂ ಸಿಕ್ಕಿವೆ ಎಂದು ಫೂಟ್ ಘೋಷಿಸಿದರು. ದುರ್ದೈವವೆಂದರೆ ಆ ವಸ್ತುಗಳು ಮುಂದೆ ಕಾಣೆಯಾದವು. ಮತ್ತೊಬ್ಬರು ಪರೀಕ್ಷಿಸಲು ಏನೂ ಉಳಿಯದೆ, ಫೂಟ್ ಅವರ ಮಾತು ಹಲವು ದಶಕಗಳ ಕಾಲ ಸಂಶಯಕ್ಕೆ ಗುರಿಯಾಯಿತು. 1970ರ ದಶಕದಲ್ಲಿ ಅದೇ ಕರ್ನೂಲು ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ನಡೆದ ಉತ್ಖನನದಲ್ಲಿ ಎಲುಬಿನ ಆಯುಧಗಳು ದೊರೆತಾಗ ಹಳೆಯ ಸಂಶೋಧಕನ ಮಾತಿಗೆ ಮತ್ತೆ ಬೆಲೆ ಬಂತು. ದೊರೆತದ್ದನ್ನು ಕಾಯ್ದಿಡದಿದ್ದರೆ ಶೋಧವೇ ಇಲ್ಲದಂತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಬಳ್ಳಾರಿಯ ಬೂದಿ ದಿಬ್ಬಗಳು

ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣೆ ಫೂಟ್ ಅವರ ಅನುಭವದ ಫಲವೆಲ್ಲ ಕೂಡಿಬಂದ ಕಾರ್ಯ. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಅವರು ದಾಖಲಿಸಿದರು. ಸಂಗನಕಲ್ಲು, ಕಪ್ಪಗಲ್ಲುಗಳ ಗ್ರಾನೈಟ್ ಬೆಟ್ಟಗಳನ್ನು ಏರಿ, ನವ ಶಿಲಾಯುಗದ ಜನ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸುತ್ತಿದ್ದ ತಾಣಗಳನ್ನು ಪರಿಶೀಲಿಸಿದರು. ಅರ್ಧ ಕೆತ್ತಿದ ಕೊಡಲಿ, ಮುರಿದು ಬಿಸಾಡಿದ ತುಂಡು, ಉಜ್ಜಿ ನುಣುಪು ಮಾಡಿದ ಬಂಡೆಯ ಮೇಲಿನ ತಗ್ಗು, ಇವೆಲ್ಲವನ್ನೂ ಜೋಡಿಸಿ ಕೊಡಲಿ ತಯಾರಿಕೆಯ ಹಂತಗಳನ್ನು ವಿವರಿಸಿದರು.

ಕುಡತಿನಿ ಮುಂತಾದೆಡೆಗಳ ಬೂದಿ ದಿಬ್ಬಗಳು ಆಗ ದೊಡ್ಡ ಒಗಟಾಗಿದ್ದವು. ಅವು ಸುಟ್ಟ ರಾಕ್ಷಸರ ಬೂದಿ ಎಂಬುದು ಜನರ ನಂಬಿಕೆ. ಜ್ವಾಲಾಮುಖಿಯ ಅವಶೇಷ, ಕಬ್ಬಿಣ ಕರಗಿಸಿದ ಕಿಟ್ಟ ಎಂಬುದು ಪಂಡಿತರ ಊಹೆಗಳು. ಅವು ದನಗಳ ಸಗಣಿ ಸುಟ್ಟು ಉಂಟಾದ ದಿಬ್ಬಗಳೆಂದು ಫೂಟ್ ವಾದಿಸಿದರು. 1963ರಲ್ಲಿ ಪ್ರಕಟವಾದ ರೇಮಂಡ್ ಆಲ್ಚಿನ್ ಅವರ ಗ್ರಂಥ ಈ ವಾದವನ್ನು ಉತ್ಖನನದ ಆಧಾರದಿಂದ ಎತ್ತಿಹಿಡಿಯಿತು. ಕನ್ನಡ ನಾಡಿನ ಮೊದಲ ದನಗಾಹಿಗಳ ಕತೆ ಹೀಗೆ ಬೆಳಕಿಗೆ ಬಂತು.

ಕೊನೆಯ ದಿನಗಳು

33 ವರ್ಷಗಳ ಸೇವೆಯ ನಂತರ 1891ರಲ್ಲಿ ನಿವೃತ್ತರಾದ ಫೂಟ್ ವಿಶ್ರಮಿಸಲಿಲ್ಲ. ಬರೋಡಾ ಸಂಸ್ಥಾನಕ್ಕಾಗಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲಿದೆ. ಸೇಲಂ ಸಮೀಪದ ಯೇರ್ಕಾಡ್ ಬೆಟ್ಟದಲ್ಲಿ ನೆಲೆಸಿ, ನಾಲ್ಕು ದಶಕಗಳ ಸಂಗ್ರಹವನ್ನು ಒಪ್ಪ ಮಾಡುತ್ತ ಕುಳಿತರು. 1904ರಲ್ಲಿ ಆ ಸಂಗ್ರಹ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. ಅವರ ಚಿತಾಭಸ್ಮವನ್ನು ಯೇರ್ಕಾಡ್‌ಗೆ ತರಲಾಯಿತು. ಸಂಗ್ರಹದ ವಿವರವಾದ ಪಟ್ಟಿ ಮತ್ತು ಟಿಪ್ಪಣಿಗಳು ಅಚ್ಚಾದದ್ದು ಅವರ ಮರಣಾನಂತರ, 1914 ಮತ್ತು 1916ರಲ್ಲಿ. ಬಳ್ಳಾರಿಯಲ್ಲಿ ಅವರ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವೊಂದಿದೆ. ಅವರು ಹೆಸರಿಟ್ಟ ಗದಗ ಸೀಮೆಯಲ್ಲಿ ಅಂತಹ ಸ್ಮರಣೆ ವಿರಳ.

ಚಿನ್ನವೋ, ಗುಡ್ಡವೋ

ಫೂಟ್ ನಕ್ಷೆ ಬರೆದ ಬೆಟ್ಟಗಳ ಮುಂದಿನ ಗತಿ ಒಂದೇ ರೀತಿಯದಾಗಲಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಬೇಕಾಗಿ ಬಂದಾಗ ಸಂಡೂರು ಬೆಟ್ಟಗಳ ಗಾಯ ಜಗಜ್ಜಾಹೀರಾಗಿತ್ತು. ಕಪ್ಪತಗುಡ್ಡದ ಚಿನ್ನದ ಮೇಲೂ ಕಂಪನಿಗಳ ಕಣ್ಣು ಬಿದ್ದಿತು. 2015ರಲ್ಲಿ ಗುಡ್ಡಕ್ಕೆ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನಮಾನವನ್ನು ಸರ್ಕಾರ ಹಿಂತೆಗೆದುಕೊಂಡಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನಮಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿ ಧಾಮವಾಯಿತು.

ಡೋಣಿ, ಸೊರಟೂರು, ಕಪ್ಪತಗುಡ್ಡ ಎಂದು ಫೂಟ್ ಬರೆದಿಟ್ಟು ಒಂದೂವರೆ ಶತಮಾನ ಕಳೆದಿದೆ. ಅವರ ನಕ್ಷೆಯನ್ನು ಗಣಿಯವರೂ ಓದಿದರು, ಇತಿಹಾಸಕಾರರೂ ಓದಿದರು. ಗುಡ್ಡದ ಅಡಿಯ ಹಳ್ಳಿಗಳ ಮಕ್ಕಳು ಅದನ್ನು ಓದುವ ದಿನ ಇನ್ನೂ ಬರಬೇಕಿದೆ. ತಾವು ಕುರಿ ಮೇಯಿಸುವ ಬಂಡೆ ಹಿಮಾಲಯಕ್ಕಿಂತ ಎಷ್ಟೋ ಪಟ್ಟು ಹಳೆಯದೆಂಬ ಸಂಗತಿಯನ್ನು ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಶಾಲೆಗಳಲ್ಲಿ ಹೇಳಿಕೊಡಲು ಒಂದು ಫಲಕ, ಒಂದು ಪುಟ್ಟ ಪ್ರದರ್ಶನಾಲಯ ಸಾಕು. ಮಾಗಡಿಯ ಹಕ್ಕಿಗಳನ್ನು ನೋಡಲು ಬರುವವರು ಗುಡ್ಡದ ಕಡೆಗೂ ಹೊರಳುವಂತಾದರೆ ಫೂಟ್ ಅವರ ದುಡಿಮೆಗೆ ಈ ಸೀಮೆ ಸಲ್ಲಿಸುವ ಗೌರವ ಅದೇ ಆದೀತು.