ಹೆಸರು ಮುಚ್ಚಿಟ್ಟ ಕವಿ



ಬರೆದದ್ದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟವರು ನಮ್ಮ ಮನೆಗಳಲ್ಲೂ ಇದ್ದಾರೆ. ತಂಬ್ರಹಳ್ಳಿಯಂಥ ಊರಿನಲ್ಲಿ ಕುಳಿತು ಕವನ ಬರೆಯುವ ಹುಡುಗನಿಗೂ, ಅಡುಗೆಮನೆಯ ಕೆಲಸ ಮುಗಿಸಿ ನೋಟುಪುಸ್ತಕ ತೆರೆಯುವ ತಾಯಿಗೂ ಒಂದೇ ಅಳುಕು: ನನ್ನಂಥವರ ಬರಹ ಯಾರಿಗೆ ಬೇಕು? ಇಂಥ ಅಳುಕಿನ ನಡುವೆಯೇ ಕನ್ನಡಕ್ಕೆ ಅಮೂಲ್ಯ ಕೃತಿಗಳನ್ನು ಕೊಟ್ಟುಹೋದ ಒಬ್ಬ ಶಾಲಾ ಮಾಸ್ತರರ ಬದುಕನ್ನು ಇಂದು ನೆನೆಯೋಣ.

ಅವರ ಹೆಸರು ಲಕ್ಷ್ಮೀನಾರಾಯಣಪ್ಪ. ಹುಟ್ಟಿದ್ದು 1870ರಲ್ಲಿ, ಕರಾವಳಿಯ ಕಾರ್ಕಳದ ಬಳಿಯ ನಂದಳಿಕೆ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ, ಹೆಚ್ಚು ಓದಲು ಅನುಕೂಲವಿರಲಿಲ್ಲ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಉಡುಪಿ, ಕುಂದಾಪುರಗಳಲ್ಲಿ ಮಕ್ಕಳಿಗೆ ಕಸರತ್ತು ಕಲಿಸುವ ಮಾಸ್ತರರಾದರು. ಬಿಡುವು ಸಿಕ್ಕಾಗಲೆಲ್ಲ ಹಳಗನ್ನಡ ಕಾವ್ಯಗಳ ಓದಿನಲ್ಲಿ ಮುಳುಗಿರುತ್ತಿದ್ದರು. 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದರು.

ಮುಂದೆ ಅವರು 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಕೃತಿಗಳನ್ನು ಬರೆದರು. ಆದರೆ ಅಚ್ಚಿಗಾಗಿ ಮೈಸೂರಿಗೆ ಕಳಿಸುವಾಗ, ಇವು ತನ್ನವು ಎಂದು ಹೇಳುವ ಧೈರ್ಯ ಬರಲಿಲ್ಲ. ತನಗೆ ದೊರೆತ ಹಳೆಯ ಕಾಲದ ಕಾವ್ಯಗಳೆಂಬಂತೆ ಕಳಿಸಿದರು. ಅಂದಿನ ವಿದ್ವಾಂಸರಿಗೆ ಪ್ರಾಚೀನ ಕಾವ್ಯಗಳ ಮೇಲೆ ಅಪಾರ ಗೌರವ. ಹಳ್ಳಿಯ ಕಸರತ್ತಿನ ಮಾಸ್ತರನೊಬ್ಬ ಬರೆದದ್ದೆಂದರೆ ಓದದೆಯೇ ಬದಿಗಿಟ್ಟಾರು ಎಂಬ ಭಯ ಅವರನ್ನು ಕಾಡಿರಬೇಕು. ಹೀಗೆ ಲಕ್ಷ್ಮೀನಾರಾಯಣಪ್ಪನವರು ಮರೆಗೆ ಸರಿದರು. ಉಳಿದದ್ದು 'ಮುದ್ದಣ' ಎಂಬ ಹೆಸರು.

ಹಾಗಾದರೆ ಇಷ್ಟು ಅಳುಕಿದ ಮನಸ್ಸು ಇಷ್ಟು ಸೊಗಸಾಗಿ ಬರೆದದ್ದಾದರೂ ಹೇಗೆ? ಉತ್ತರ 'ಶ್ರೀರಾಮಾಶ್ವಮೇಧ'ದಲ್ಲೇ ಇದೆ. ಅಲ್ಲಿ ಮುದ್ದಣ ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆ ಸುಮ್ಮನೆ ತಲೆದೂಗುವವಳಲ್ಲ. ಪಾಂಡಿತ್ಯ ತೋರಿಸಲು ಹೊರಟರೆ ತಡೆಯುತ್ತಾಳೆ, ಬಿಗಿಯಾದ ಸಂಸ್ಕೃತ ಬಂದರೆ ಹಾಸ್ಯ ಮಾಡುತ್ತಾಳೆ, ಪದ್ಯ ಬೇಡ, ತಿಳಿಗನ್ನಡದ ಗದ್ಯದಲ್ಲೇ ಹೇಳು ಎಂದು ಹಟ ಹಿಡಿಯುತ್ತಾಳೆ. ಮುದ್ದಣ ಮುನಿಸಿಕೊಂಡು ಕಥೆ ನಿಲ್ಲಿಸುವುದಿಲ್ಲ. ದಾರಿ ಬದಲಿಸಿ ಮುಂದುವರಿಸುತ್ತಾನೆ. ಬರೆಯುವವನ ಒಳಗೆ ಕುಳಿತು ಕೈ ಹಿಡಿದು ನಿಲ್ಲಿಸುವ ಸಂದೇಹವನ್ನೇ ಕವಿ ಎದುರಿಗೆ ಕೂರಿಸಿ, ಪ್ರೀತಿಯ ಕೇಳುಗಳನ್ನಾಗಿ ಮಾಡಿಕೊಂಡರು. ಅವರು 1893ರಲ್ಲಿ ಕೈಹಿಡಿದ ಪತ್ನಿ ಕಮಲಾಬಾಯಿಯವರ ನೆರಳನ್ನು ಮನೋರಮೆಯಲ್ಲಿ ಕಾಣುವವರಿದ್ದಾರೆ. ಹಳಗನ್ನಡದ ಆ ಗ್ರಂಥದಲ್ಲಿ ಗಂಡ ಹೆಂಡಿರ ಈ ಸರಸ ಸಂಭಾಷಣೆಯನ್ನೇ ಕನ್ನಡಿಗರು ಇಂದಿಗೂ ಹೆಚ್ಚು ನೆನೆಯುತ್ತಾರೆ.

ಬರಹದ ಅಳುಕನ್ನು ಹೀಗೆ ಗೆದ್ದರೂ, ತನ್ನ ಹೆಸರಿನ ಅಳುಕನ್ನು ಅವರು ಗೆಲ್ಲಲಿಲ್ಲ. ಬಡತನದ ಜೊತೆಗೆ ಕ್ಷಯರೋಗ ಅಂಟಿಕೊಂಡಿತು. 1901ರ ಫೆಬ್ರವರಿಯಲ್ಲಿ, 31ನೆಯ ವಯಸ್ಸಿಗೇ ಅವರು ತೀರಿಕೊಂಡರು. ಮುದ್ದಣ ಹಳಗಾಲದ ಕವಿಯಲ್ಲ, ನಂದಳಿಕೆಯ ಆ ಮಾಸ್ತರರೇ ಎಂದು ನಾಡು ತಿಳಿದದ್ದು ಅವರು ಕಣ್ಮುಚ್ಚಿದ ಮೇಲೆ. ನಾಡಿನ ಹೊಗಳಿಕೆ ಅವರ ಕಿವಿಗೆ ಬೀಳಲೇ ಇಲ್ಲ.

ಈ ಬದುಕಿನಲ್ಲಿ ನಮಗೆ ಎರಡು ಪಾಠಗಳಿವೆ. ಬರೆಯುವವರಿಗೆ ಒಂದು: ಅಳುಕು ಪೂರ್ತಿ ಹೋಗಲಿ, ಆಮೇಲೆ ಬರೆಯುತ್ತೇನೆಂದು ಕಾಯಬೇಡಿ. ನಿಮ್ಮನ್ನು ಪ್ರೀತಿಸುವ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅವರಿಗೆ ಹೇಳುವಂತೆ ಬರೆಯಿರಿ. ಮನೆಯವರಿಗೆ ಇನ್ನೊಂದು: ಮಗಳೋ ಗಂಡನೋ ಹಿಂಜರಿಯುತ್ತಾ ಒಂದು ಹಾಳೆ ಮುಂದಿಟ್ಟರೆ, ಆಮೇಲೆ ನೋಡೋಣ ಎನ್ನಬೇಡಿ. ಮನೋರಮೆಯಂತೆ ಕುಳಿತು ಕೇಳಿ. ತಪ್ಪಿದ್ದರೆ ನಗುತ್ತಲೇ ತಿದ್ದಿ. ಚೆನ್ನಾಗಿದ್ದರೆ ಅಂದೇ ಹೇಳಿ. ಒಳ್ಳೆಯ ಮಾತು ಅವರು ಬದುಕಿರುವಾಗಲೇ ಕಿವಿಗೆ ಬೀಳಲಿ.