ರೋಗಗಳ ಕರಣಿಕ ವಿಲಿಯಂ ಫಾರ್

ಶಬರಿಕೊಳ್ಳದ ನೆರೆಯಲ್ಲಿರುವ ನಮ್ಮ ಸುರೇಬಾನದಲ್ಲಿ ನನ್ನ ಅಜ್ಜಿ ಜೀವಮಾನವೆಲ್ಲ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವಳು. ಹತ್ತಿಯ ಕಟ್ಟಿಗೆ, ಕುಳ್ಳುಗಳ ಹೊಗೆಯೇ ಅವಳು ಉಸಿರಾಡಿದ ಗಾಳಿ. ಕೊನೆಯ ವರ್ಷಗಳಲ್ಲಿ ಹೊಸ್ತಿಲು ದಾಟಿದರೆ ಸಾಕು, ದಮ್ಮು ಹತ್ತುತ್ತಿತ್ತು. ಮನೆಯವರು ಅದನ್ನು ಗೂರಲು ಎಂದರು. ಒಬ್ಬ ವೈದ್ಯರು ಉಬ್ಬಸವೆಂದರು. ಮತ್ತೊಬ್ಬರು ಹಳೆಯ ಕೆಮ್ಮು ಎಂದರು. ಅವಳು ತೀರಿಕೊಂಡಾಗ ಕಾಗದದಲ್ಲಿ ಬಂದ ಕಾರಣ, ಹೃದಯ ನಿಂತಿತೆಂಬುದಷ್ಟೆ. ಹೃದಯ ನಿಲ್ಲದೆ ಯಾರಿಗೆ ತಾನೆ ಸಾವು ಬಂದೀತು? ಆ ಕಾಗದವನ್ನು ಕಂಡಾಗಲೆಲ್ಲ ನನಗೆ ವಿಲಿಯಂ ಫಾರ್ ನೆನಪಾಗುತ್ತಾನೆ.

ಫಾರ್ 1807ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಕೆನ್ಲೆ ಎಂಬ ಹಳ್ಳಿಯಲ್ಲಿ ಬಡವರ ಮಗನಾಗಿ ಹುಟ್ಟಿದನು. ಜೋಸೆಫ್ ಪ್ರೈಸ್ ಎಂಬ ಉದಾರಿಯು ಹುಡುಗನನ್ನು ಸಾಕಿ ಓದಿಸಿದನಲ್ಲದೆ, ಸಾಯುವಾಗ ಅವನಿಗಾಗಿ 500 ಪೌಂಡುಗಳನ್ನೂ ಬಿಟ್ಟುಹೋದನು. ಆ ಹಣದ ಬಲದಿಂದ ಫಾರ್ ಪ್ಯಾರಿಸ್ಸಿಗೆ ಹೋದನು. ರೋಗಿಗಳನ್ನು ಎಣಿಸಿಯೇ ಚಿಕಿತ್ಸೆಯ ಫಲವನ್ನು ಅಳೆಯಬೇಕೆಂಬ ಲೂಯಿ ಎಂಬ ವೈದ್ಯನ ಪಾಠಗಳನ್ನು ಅಲ್ಲಿ ಕೇಳಿದನು. ಮರಳಿ ಬಂದು ಲಂಡನ್ನಿನಲ್ಲಿ ವೃತ್ತಿ ಹಿಡಿದನು. 1837ರಲ್ಲಿ ಅವನ ಮೊದಲ ಹೆಂಡತಿ ಕ್ಷಯದಿಂದ ತೀರಿಕೊಂಡಳು. ಅದೇ ವರ್ಷ ಇಂಗ್ಲೆಂಡಿನಲ್ಲಿ ಜನನ ಮರಣಗಳ ಸರಕಾರಿ ನೋಂದಣಿ ಆರಂಭವಾಯಿತು. ಕೆಲಕಾಲದ ತರುವಾಯ ಆ ಕಚೇರಿಯನ್ನು ಸೇರಿದ ಫಾರ್ ಸುಮಾರು 40 ವರ್ಷ ಸಾವಿನ ಲೆಕ್ಕವನ್ನು ಬರೆದನು.

ಬಂದ ದಫ್ತರಗಳನ್ನು ತೆರೆದಾಗ ಅವನಿಗೆ ಕಂಡದ್ದು ನಮ್ಮ ಮನೆಯ ಗೊಂದಲವೇ. ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು. ಒಂದೇ ಹೆಸರಿನಡಿ ಹಲವು ರೋಗ. ಮೂಲರೋಗದ ಬದಲು ಕೊನೆಯ ಗಳಿಗೆಯ ಲಕ್ಷಣ. ಭೌತವಿಜ್ಞಾನಗಳಿಗೆ ತೂಕ ಅಳತೆಗಳು ಹೇಗೋ ಸಾವಿನ ಲೆಕ್ಕಕ್ಕೆ ರೋಗದ ಹೆಸರು ಹಾಗೆಂದು ಫಾರ್ ಬಗೆದನು. ಸಾಂಕ್ರಾಮಿಕಗಳನ್ನು ಬೇರೆಯಿಟ್ಟು, ಒಂದು ಅಂಗಕ್ಕೆ ಅಂಟಿದ ರೋಗಗಳನ್ನು ಆಯಾ ಅಂಗದ ಹೆಸರಿನಲ್ಲಿ ಜೋಡಿಸಿದನು.

ಅವನ ಲೆಕ್ಕ ಅವನನ್ನೂ ಬಿಡಲಿಲ್ಲ. ಕಾಲರಾ ಕೆಟ್ಟ ಗಾಳಿಯಿಂದ ಬರುವುದೆಂದು ಅವನು ಬಹುಕಾಲ ನಂಬಿದ್ದನು. 1866ರಲ್ಲಿ ಪೂರ್ವ ಲಂಡನ್ನಿನ ಸಾವುಗಳು ಒಂದು ಕಂಪನಿಯ ನೀರು ಹರಿದ ಕೇರಿಗಳಲ್ಲೇ ಗುಂಪುಗೂಡಿದ್ದನ್ನು ಅವನದೇ ಕೋಷ್ಟಕಗಳು ತೋರಿಸಿದವು. ಫಾರ್ ತನ್ನ ಮತವನ್ನು ಬಿಟ್ಟು ಲೆಕ್ಕದ ಮಾತನ್ನು ಒಪ್ಪಿದನು. ಅವನ ಬಾಳಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಗೌರವಿಸುವ ಸಂಗತಿ ಇದು.

ಎಲ್ಲ ದೇಶಗಳಿಗೂ ಒಂದೇ ಪಟ್ಟಿ ಬೇಕೆಂದು 1853ರಲ್ಲಿ ಬ್ರಸೆಲ್ಸಿನ ಸಂಖ್ಯಾಶಾಸ್ತ್ರ ಸಮ್ಮೇಳನವು ಫಾರನಿಗೂ ಜಿನೀವಾದ ಮಾರ್ಕ್ ದೆಸ್ಪಿನ್‌ನಿಗೂ ಕೆಲಸ ವಹಿಸಿತು. 1855ರಲ್ಲಿ ಇಬ್ಬರೂ ಬೇರೆ ಬೇರೆ ಪಟ್ಟಿಗಳನ್ನು ತಂದರು. ಕಚೇರಿಯ ಮುಖ್ಯ ಪದವಿ ತಪ್ಪಿದ ಮೇಲೆ ಫಾರ್ ನಿವೃತ್ತನಾಗಿ 1883ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಬಳಿಕ, 1893ರಲ್ಲಿ, ಬೆರ್ಟಿಯೋನ್ ಎಂಬ ಫ್ರೆಂಚನು ಷಿಕಾಗೋದಲ್ಲಿ ಮಂಡಿಸಿದ ಪಟ್ಟಿಯು ಫಾರನ ಅಂಗಾನುಸಾರ ಕ್ರಮವನ್ನೇ ಹಿಡಿಯಿತು. 1948ರಿಂದ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ನೋಡಿಕೊಳ್ಳುತ್ತಿದೆ.

ಅಜ್ಜಿಯನ್ನು ಕಾಡಿದ, ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರ್ತಿ ತೆರೆಯದ ಆ ದೀರ್ಘವ್ಯಾಧಿಗೆ ಪಟ್ಟಿಯ 10ನೆಯ ಪರಿಷ್ಕರಣದಲ್ಲಿ ಜೆ 44 ಎಂಬ ಸಂಕೇತವಿದೆ. ಉಬ್ಬಸದ್ದು ಜೆ 45. ವ್ಯಾಧಿಯು ಒಮ್ಮೆಲೆ ಉಲ್ಬಣಿಸಿದರೆ ಜೆ 44.1, ವಿವರವೇ ಬರೆಯದಿದ್ದರೆ ಜೆ 44.9. 2022ರಲ್ಲಿ ಜಾರಿಗೆ ಬಂದ 11ನೆಯ ಪರಿಷ್ಕರಣದಲ್ಲಿ ಇದೇ ವ್ಯಾಧಿ ಸಿಎ 22. ನಮ್ಮ ದೇಶದಲ್ಲಿ ಮರಣಕಾರಣದ ಪ್ರಮಾಣಪತ್ರಕ್ಕೆ 1969ರ ಜನನ ಮರಣ ನೋಂದಣಿ ಅಧಿನಿಯಮದ ಆಧಾರವುಂಟು. ಅದರ ನಮೂನೆಯು ತಕ್ಷಣದ ಕಾರಣದಿಂದ ಮೂಲಕಾರಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಹೃದಯ ನಿಂತಿತೆಂದು ಬರೆಯುವುದು ಮೊದಲ ಮೆಟ್ಟಿಲನ್ನೂ ಏರದೆ ಹಿಂದಿರುಗಿದಂತೆ.

ಅಜ್ಜಿಯ ಕಾಗದದಲ್ಲಿ ಸರಿಯಾದ ಹೆಸರು ಬಂದಿದ್ದರೆ ಅವಳೇನೂ ಬದುಕುತ್ತಿರಲಿಲ್ಲ. ಆದರೆ ಶ್ವಾಸಕೋಶದ ಲೆಕ್ಕದಲ್ಲಿ ಒಂದು ಹೆಚ್ಚುತ್ತಿತ್ತು. ಒಲೆಯ ಹೊಗೆಯನ್ನು ಯಾರಾದರೂ ವಿಚಾರಿಸುವ ದಿನ ಅವಳೂ ಒಂದು ಸಾಕ್ಷಿಯಾಗುತ್ತಿದ್ದಳು.